ಸರ್ವರ್ ಮೇಲಿನ ಸೇವೆ ಯಾರ ಹೆಸರಿನಲ್ಲಿ ಓಡಬೇಕು?

ಧಾರವಾಡ, ಶನಿವಾರ, 21 ಜೂನ್ 2025

ಬೆಳಿಗ್ಗೆ ಆರೂವರೆಗೆ ಕಚೇರಿಯಿಂದ ಫೋನ್ ಬಂತು. ರಾತ್ರಿ ಪಾಳಿಯ ಹುಡುಗನ ಧ್ವನಿಯಲ್ಲಿ ಗಾಬರಿಯಿತ್ತು. "ಸರ, ಟಾಮ್‌ಕ್ಯಾಟ್ ಏಳವಲ್ದ್ರಿ. ರಾತ್ರಿ ಎರಡಕ್ಕ ನಾನ ಚಾಲೂ ಮಾಡಿದ್ದೆ, ಚಲೋ ಓಡಾಕತ್ತಿತ್ರಿ." ಯಾವ ಖಾತೆಯಿಂದ ಚಾಲೂ ಮಾಡಿದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ರೂಟ್‌ದಾಗ ಇದ್ದೆ ಸರ, ಹಂಗ ಮಾಡಿಬಿಟ್ಟೆ" ಎಂದ. ರೂಟ್ ಎಂದರೆ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಆಡಳಿತ ಖಾತೆ. ಕಾರಣ ಅಲ್ಲಿಗೇ ತಿಳಿಯಿತು. ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ಸು ಹತ್ತಿ ವಿದ್ಯಾನಗರದಲ್ಲಿ ಇಳಿಯುವವರೆಗೂ, ಯಾವ ಸೇವೆ ಯಾವ ಖಾತೆಯಲ್ಲಿ ಓಡಬೇಕೆಂಬ, ಎರಡು ವರ್ಷಗಳಿಂದ ಮುಂದೂಡುತ್ತ ಬಂದಿರುವ ಈ ವಿಷಯವನ್ನು ಇವತ್ತು ಮುಗಿಸಿಯೇ ಬಿಡಬೇಕೆಂದು ನಿರ್ಧರಿಸಿಕೊಂಡೆ.

ನಡೆದದ್ದು ಇಷ್ಟು. ಜಾವಾ ಅಪ್ಲಿಕೇಶನ್‌ಗಳನ್ನು ಓಡಿಸುವ ನಮ್ಮ ಟಾಮ್‌ಕ್ಯಾಟ್ ಸೇವೆಗೆ ಅದರದೇ ಆದ ಒಂದು ಖಾತೆಯಿದೆ. ಹುಡುಗ ಡಿಸ್ಕ್ ತುಂಬಿದ್ದನ್ನು ನೋಡಲು ರೂಟ್ ಆಗಿ ಒಳಹೋದವನು, ಅಲ್ಲಿಂದಲೇ ಚಾಲೂ ಮಾಡುವ ಸ್ಕ್ರಿಪ್ಟ್ ಓಡಿಸಿದ್ದಾನೆ. ರೂಟ್‌ಗೆ ಯಾವ ಬಾಗಿಲೂ ಮುಚ್ಚಿರುವುದಿಲ್ಲವಾದ್ದರಿಂದ ಸೇವೆ ಯಾವ ತಕರಾರೂ ಇಲ್ಲದೆ ಎದ್ದಿದೆ. ಆದರೆ ಅದು ಹೊಸದಾಗಿ ಬರೆದ ಲಾಗ್ (ಚಟುವಟಿಕೆಯ ದಾಖಲೆ) ಕಡತಗಳೂ, ವರ್ಕ್ ಕೋಶದಲ್ಲಿ (ಫೋಲ್ಡರ್) ಹುಟ್ಟಿದ ಕಡತಗಳೂ ರೂಟ್‌ನ ಒಡೆತನಕ್ಕೆ ಸೇರಿವೆ. ಬೆಳಿಗ್ಗೆ ಐದೂವರೆಗೆ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಆಜ್ಞೆ ಓಡಿಸುವ ವ್ಯವಸ್ಥೆ) ನಿಗದಿಯಾಗಿದ್ದ ಮರುಚಾಲನೆ ಸೇವೆಯ ಸ್ವಂತ ಖಾತೆಯಿಂದ ಶುರುವಾಯಿತು. ನಿಲ್ಲಿಸುವ ಆಜ್ಞೆ 8005ನೇ ಪೋರ್ಟಿನ (ಸೇವೆ ಸಂಪರ್ಕ ಸ್ವೀಕರಿಸುವ, ಸಂಖ್ಯೆಯಿರುವ ಬಾಗಿಲು) ಮೂಲಕ ಹೋಗುವುದರಿಂದ ಅದಕ್ಕೆ ಒಡೆತನದ ತಡೆ ಇರಲಿಲ್ಲ, ಸೇವೆ ನಿಂತಿತು. ಮತ್ತೆ ಏಳಬೇಕಾದಾಗ ಮಾತ್ರ ತನ್ನದೇ ಲಾಗ್ ಕಡತಕ್ಕೆ ಬರೆಯಲು ಅನುಮತಿ ಸಿಗದೆ ಬಿದ್ದುಹೋಯಿತು. ಕಡತಗಳ ಪಟ್ಟಿ ತೆಗೆದು ನೋಡಿದರೆ ಟಾಮ್‌ಕ್ಯಾಟ್‌ನ ಕ್ಯಾಟಲೀನಾ ಔಟ್ ಎಂಬ ಲಾಗ್ ಕಡತದ ಎದುರು, ಒಡೆಯನಿಗೊಮ್ಮೆ ಗುಂಪಿಗೊಮ್ಮೆ, ರೂಟ್, ರೂಟ್ ಎಂದು ಎರಡು ಸಲ ಕಾಣುತ್ತಿತ್ತು. ಲಾಗ್, ಟೆಂಪ್, ವರ್ಕ್ ಈ ಮೂರೇ ಕೋಶಗಳ ಒಡೆತನವನ್ನು ಚೌನ್ ಆಜ್ಞೆಯಿಂದ ಹಿಂತಿರುಗಿಸಿದೆ; ಹತ್ತು ನಿಮಿಷದಲ್ಲಿ ಸೇವೆ ಎದ್ದಿತು.

ಮೂರೇ ಕೋಶ ಎಂದು ಒತ್ತಿ ಬರೆಯಲು ಕಾರಣವಿದೆ. ಅವಸರದಲ್ಲಿ ಇಡೀ ಟಾಮ್‌ಕ್ಯಾಟ್ ಕೋಶವನ್ನೇ ಸೇವೆಯ ಖಾತೆಗೆ ಒಪ್ಪಿಸಿಬಿಡುವವರು ಬಹಳ ಜನ. ಪ್ರೋಗ್ರಾಮ್ ಕಡತಗಳು, ಸಂರಚನೆಯ ಕಡತಗಳು ರೂಟ್‌ನ ಒಡೆತನದಲ್ಲಿದ್ದು, ಸೇವೆಯ ಗುಂಪಿಗೆ ಅವನ್ನು ಓದುವ ಹಕ್ಕಷ್ಟೇ ಇರಬೇಕು. ಆಗ ಸೇವೆಯೊಳಗೆ ಹೊರಗಿನವರು ನುಸುಳಿದರೂ ಸೇವೆಯ ಕೋಡನ್ನೇ ತಿದ್ದಿ ಕೂರಲು ಅವರಿಗೆ ಆಗುವುದಿಲ್ಲ. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಯಂತ್ರ ಚಾಲೂ ಆಗುವಾಗ ರೂಟ್ ಓಡಿಸುವ ಸ್ಕ್ರಿಪ್ಟನ್ನು ಸೇವೆಯ ಖಾತೆ ತಿದ್ದಬಹುದಾಗಿದ್ದರೆ, ಆ ಖಾತೆಗೆ ಪರೋಕ್ಷವಾಗಿ ರೂಟ್ ಅಧಿಕಾರವನ್ನೇ ಕೊಟ್ಟಂತಾಯಿತು. ನಮ್ಮ ಹಳೆಯ ಸರ್ವರ್‌ನಲ್ಲಿ ಇವತ್ತು ಅಂಥ ಎರಡು ಸ್ಕ್ರಿಪ್ಟ್ ಸಿಕ್ಕವು. ಎರಡನ್ನೂ ಅಲ್ಲೇ ಸರಿಪಡಿಸಿದೆ.

ಮಧ್ಯಾಹ್ನ ಊಟವಾದ ಮೇಲೆ, ಹಳೆಯದರ ಕಡತಗಳನ್ನು ನಾಳೆ ಸಾಗಿಸಲಿರುವ ಹೊಸ ಸರ್ವರ್‌ನ ಖಾತೆಗಳ ವಿಚಾರಕ್ಕೆ ಕುಳಿತೆವು. ಹುಡುಗನನ್ನು ಮನೆಗೆ ಹೋಗು ಎಂದರೂ ಹೋಗಲಿಲ್ಲ. "ಸರ, ಎಲ್ಲಾನೂ ರೂಟ್‌ದಾಗ ಓಡಿಸಿದ್ರ ಈ ಪರ್ಮಿಶನ್ ಗದ್ಲನ ಇರೂದಿಲ್ಲಲ್ರಿ?" ಎಂದು ಕೇಳಿದ. ಪ್ರಾಮಾಣಿಕವಾದ ಪ್ರಶ್ನೆ. ಗದ್ದಲ ಇರುವುದಿಲ್ಲ ಎಂಬುದೂ ನಿಜ. ಅವನಿಗೆ 2021ರ ಡಿಸೆಂಬರ್ ತಿಂಗಳನ್ನು ನೆನಪಿಸಿದೆ. ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯ ದೋಷ ಹೊರಬಿದ್ದಾಗ, ಲಾಗ್‌ಗೆ ಹೋಗುವ ಒಂದೇ ಸಾಲಿನ ಪಠ್ಯದ ಮೂಲಕ ಹೊರಗಿನವರು ತಮ್ಮ ಕೋಡನ್ನು ನಮ್ಮ ಯಂತ್ರದಲ್ಲಿ ಓಡಿಸಬಹುದಾಗಿತ್ತು. ಹಾಗೆ ಬಂದ ಕೋಡ್, ಸೇವೆ ಯಾರ ಹೆಸರಿನಲ್ಲಿ ಓಡುತ್ತಿದೆಯೋ ಅವರ ಅಧಿಕಾರವನ್ನೇ ಹೊತ್ತು ಓಡುತ್ತದೆ. ಟಾಮ್‌ಕ್ಯಾಟ್ ಖಾತೆಯಾದರೆ ಅದರ ಮೂರು ಕೋಶ ಹಾಳಾಗಬಹುದು, ಅದು ಮುಟ್ಟುವ ದತ್ತಾಂಶ ಸೋರಬಹುದು. ರೂಟ್ ಆದರೆ ಇಡೀ ಯಂತ್ರವೇ ಹೋಯಿತು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಅಂತೂ ರೂಟ್ ಆಗಿ ಚಾಲೂ ಮಾಡಲು ಹೋದರೆ ಖಡಾಖಂಡಿತವಾಗಿ ನಿರಾಕರಿಸುತ್ತದೆ. ಎಲ್ಲ ಸೇವೆಗಳೂ ಹಾಗೆಯೇ ನಿರಾಕರಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ರೂಟ್ ಬೇಕೇ ಬೇಕು ಎನ್ನುವವರು ಕೊಡುವ ಕಾರಣ ಒಂದೇ: 1024ಕ್ಕಿಂತ ಕೆಳಗಿನ ಪೋರ್ಟ್ ತೆರೆಯಲು ಸಾಮಾನ್ಯ ಖಾತೆಗೆ ಹಕ್ಕಿಲ್ಲ, ನಮಗೆ ಸುರಕ್ಷಿತ ವೆಬ್ ಸಂಪರ್ಕದ 443 ಬೇಕು. ಜಾವಾ ಬೈನರಿಗೇ (ಜಾವಾ ಓಡಿಸುವ ಪ್ರೋಗ್ರಾಮ್ ಕಡತ) ಸೆಟ್‌ಕ್ಯಾಪ್ ಆಜ್ಞೆಯಿಂದ ಆ ಒಂದು ಸಾಮರ್ಥ್ಯ ಕೊಟ್ಟು ನೋಡಿದ ಅನುಭವ ನನಗಿದೆ. ಹಾಗೆ ವಿಶೇಷ ಹಕ್ಕು ಪಡೆದ ಬೈನರಿಯ ವಿಷಯದಲ್ಲಿ ಲೈಬ್ರರಿಗಳನ್ನು ಹುಡುಕಿ ಜೋಡಿಸುವ ಲೋಡರ್ ಬಿಗಿಯಾಗುತ್ತದೆ, ಜಾವಾ ತನ್ನ ಪಕ್ಕದಲ್ಲೇ ಇರುವ ಲೈಬ್ರರಿಯನ್ನು ಕಾಣದೆ ಏಳುವುದೇ ಇಲ್ಲ. ಅದೂ ಅಲ್ಲದೆ ಆ ಯಂತ್ರದಲ್ಲಿ ಯಾರು ಜಾವಾ ಓಡಿಸಿದರೂ ಆ ಹಕ್ಕು ಅವರ ಪಾಲಾಗುತ್ತದೆ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಅನ್ನು ಮುಂದೆ ನಿಲ್ಲಿಸಿ, 443 ಅದರ ಕೈಯಲ್ಲಿಟ್ಟು, ಟಾಮ್‌ಕ್ಯಾಟ್ 8080ರಲ್ಲೇ ಇರಲಿ ಎಂದು ತೀರ್ಮಾನಿಸಿದೆವು. ಎಂಜಿನ್‌ಎಕ್ಸ್‌ನ ಮುಖ್ಯ ಪ್ರಕ್ರಿಯೆ ಮಾತ್ರ ರೂಟ್ ಆಗಿದ್ದು ಪೋರ್ಟ್ ತೆರೆಯುತ್ತದೆ, ಹೊರಗಿನವರ ಕೋರಿಕೆಯನ್ನು ಮುಟ್ಟುವ ಕೆಲಸಗಾರ ಪ್ರಕ್ರಿಯೆಗಳು ತಮ್ಮ ಸಾಮಾನ್ಯ ಖಾತೆಯಲ್ಲೇ ಓಡುತ್ತವೆ.

ಹೆಚ್ಚು ಹೊತ್ತು ಹಿಡಿದದ್ದು, ಅಪ್ಲಿಕೇಶನ್‌ಗಳ ನಡುವೆ ಸಂದೇಶ ಸಾಗಿಸುವ ಐಬಿಎಂ ಎಂಕ್ಯೂ. ಸಂದೇಶಗಳ ಸಾಲುಗಳನ್ನು (ಕ್ಯೂ) ನೋಡಿಕೊಳ್ಳುವ ಅದರ ಕ್ಯೂ ಮ್ಯಾನೇಜರ್ ಎಂಕ್ಯೂಎಂ ಎಂಬ ಖಾತೆಯಲ್ಲಿ ಓಡುವುದು ನಿಗದಿಯಾದ ಕ್ರಮ. ಅಲ್ಲಿ ಆಯ್ಕೆಯ ಮಾತಿಲ್ಲ. ಪ್ರಶ್ನೆ ಇರುವುದು, ಆ ಕ್ಯೂಗಳಿಗೆ ಸಂದೇಶ ಹಾಕುವ, ತೆಗೆಯುವ ನಮ್ಮ ಅಪ್ಲಿಕೇಶನ್‌ಗಳ ಬಗ್ಗೆ. ಹಳೆಯ ಸರ್ವರ್‌ನಲ್ಲಿ ಹಿಂದೊಮ್ಮೆ ಯಾರೋ ಟಾಮ್‌ಕ್ಯಾಟ್ ಖಾತೆಯನ್ನೂ ಎಂಕ್ಯೂಎಂ ಗುಂಪಿಗೆ ಸೇರಿಸಿಬಿಟ್ಟಿದ್ದಾರೆ. ಆ ಗುಂಪಿನವರೆಲ್ಲ ಎಂಕ್ಯೂವಿನ ಆಡಳಿತಗಾರರು. ಯಾವ ಕ್ಯೂವಿನ ಮೇಲೂ ಅವರಿಗೆ ಅನುಮತಿಯ ತಡೆಯಿಲ್ಲ, ಕ್ಯೂವನ್ನು ಅಳಿಸಲೂಬಹುದು. ಹೊಸದರಲ್ಲಿ ಟಾಮ್‌ಕ್ಯಾಟ್ ಆ ಗುಂಪಿನ ಹೊರಗೇ ಇರುತ್ತದೆ. ಅದಕ್ಕೆ ಬೇಕಾದ ಎರಡು ಕ್ಯೂಗಳ ಮೇಲೆ ಹಾಕುವ, ತೆಗೆಯುವ ಹಕ್ಕನ್ನು ಸೆಟ್‌ಎಂಕ್ಯೂಆಟ್ ಆಜ್ಞೆಯಿಂದ ಕೊಡುತ್ತೇವೆ. ಇಲ್ಲಿ ಬಹಳ ಜನ ಎಡವುವ ಒಂದು ಸೂಕ್ಷ್ಮವಿದೆ. ಯುನಿಕ್ಸ್‌ನಲ್ಲಿ ಒಬ್ಬ ಬಳಕೆದಾರನ ಹೆಸರಿಗೆ ಈ ಹಕ್ಕು ಕೊಟ್ಟರೂ, ಎಂಕ್ಯೂ ರೂಢಿಯಂತೆ ಅದನ್ನು ಬರೆದುಕೊಳ್ಳುವುದು ಆತನ ಪ್ರಾಥಮಿಕ ಗುಂಪಿನ ಹೆಸರಿನಲ್ಲಿ. ಹತ್ತು ಖಾತೆಗಳು ಒಂದೇ ಪ್ರಾಥಮಿಕ ಗುಂಪಿನಲ್ಲಿದ್ದರೆ ಹತ್ತಕ್ಕೂ ಹಕ್ಕು ಸಿಕ್ಕಿತು. ಆದ್ದರಿಂದ ಪ್ರತಿ ಸೇವೆಗೂ ತನ್ನದೇ ಖಾತೆ, ಪ್ರತಿ ಖಾತೆಗೂ ತನ್ನದೇ ಪ್ರಾಥಮಿಕ ಗುಂಪು ಎಂದು ಬರೆದುಕೊಂಡೆವು. ಖಾತೆಯ ಹೆಸರು 12 ಅಕ್ಷರ ಮೀರಬಾರದು ಎಂಬುದನ್ನೂ ಹುಡುಗ ಸೇರಿಸಿಕೊಂಡ, ಎಂಕ್ಯೂವಿನ ಮಿತಿ ಅದು.

ಈ ಖಾತೆಗಳಿಗೆ ಲಾಗಿನ್ ಇರುವುದಿಲ್ಲ, ಪಾಸ್‌ವರ್ಡ್ ಇರುವುದಿಲ್ಲ. ಹಿಂದೆ ನಾನಿದ್ದ ಕಡೆ ಒಂದು ಸೇವೆ ಕೆಲಸ ಬಿಟ್ಟುಹೋದ ಒಬ್ಬರ ಸ್ವಂತ ಖಾತೆಯಲ್ಲೇ ತಿಂಗಳುಗಟ್ಟಲೆ ಓಡುತ್ತಿತ್ತು. ಆ ಪಾಸ್‌ವರ್ಡಿನ ಅವಧಿ ಮುಗಿದ ದಿನ ಕ್ರಾನ್ ಕೆಲಸಗಳೆಲ್ಲ ಸದ್ದಿಲ್ಲದೆ ನಿಂತವು, ಕಾರಣ ಹುಡುಕಲು ಎರಡು ದಿನ ಹಿಡಿಯಿತು. ನಮ್ಮ ನಾಲ್ವರಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲಿ ಒಳಬಂದು, ಸುಡೋ (ಬೇರೆ ಖಾತೆಯ ಅಧಿಕಾರದಲ್ಲಿ ಆಜ್ಞೆ ಓಡಿಸುವ ಸಾಧನ) ಮೂಲಕ ನಿಗದಿತ ಆಜ್ಞೆಗಳನ್ನು ಮಾತ್ರ ಓಡಿಸಬೇಕು. ಯಾರು ಎಷ್ಟು ಗಂಟೆಗೆ ಏನು ಮಾಡಿದರು ಎಂಬುದು ಆಗ ತಾನಾಗಿ ದಾಖಲಾಗುತ್ತದೆ. ಚಾಲೂ ಮಾಡುವುದನ್ನು ಲಿನಕ್ಸ್‌ನಲ್ಲಿ ಸೇವೆಗಳನ್ನು ಏಳಿಸುವ ಸಿಸ್ಟಮ್‌ಡಿಗೇ ಒಪ್ಪಿಸಿ, ಆ ಸೇವೆಯ ಸಂರಚನೆ ಇರುವ ಯೂನಿಟ್ ಕಡತದಲ್ಲಿ ಯೂಸರ್ ಎಂಬ ಸಾಲು ಬರೆದರೆ, ಆಜ್ಞೆ ಕೊಟ್ಟವರು ಯಾರೇ ಆಗಿರಲಿ ಸೇವೆ ಏಳುವುದು ತನ್ನ ಖಾತೆಯಲ್ಲೇ. ನಿನ್ನೆ ರಾತ್ರಿ ಇದಿದ್ದಿದ್ದರೆ ಹುಡುಗನಿಂದ ತಪ್ಪು ಆಗುತ್ತಲೇ ಇರಲಿಲ್ಲ. ಅವನಿಗೆ ಹಾಗೆಯೇ ಹೇಳಿದೆ. ಒಂದು ಎಚ್ಚರಿಕೆ: ಲಿಮಿಟ್ಸ್ ಕಡತದಲ್ಲಿ ಬರೆದ ತೆರೆದ ಕಡತಗಳ ಮಿತಿ ಸಿಸ್ಟಮ್‌ಡಿಯಿಂದ ಏಳುವ ಸೇವೆಗೆ ಅನ್ವಯಿಸುವುದಿಲ್ಲ. ಎಂಕ್ಯೂಗೆ ಬೇಕಾದ 10240 ಎಂಬ ಮಿತಿಯನ್ನು ಯೂನಿಟ್ ಕಡತದಲ್ಲೇ ಬರೆಯಬೇಕು.

ಕೊನೆಗೆ ಉಳಿದದ್ದು ಯುಐಡಿ ಸಂಖ್ಯೆಗಳು, ಅಂದರೆ ಪ್ರತಿ ಖಾತೆಗೂ ಯಂತ್ರದಲ್ಲಿರುವ ಗುರುತಿನ ಸಂಖ್ಯೆಗಳು. ನಮ್ಮಲ್ಲಿ ಸರ್ವರ್‌ಗಳು ನೆಟ್‌ವರ್ಕ್ ಮೂಲಕ ಬಳಸುವ ಎನ್‌ಎಫ್‌ಎಸ್ ಹಂಚಿಕೆಯ ಡಿಸ್ಕ್ ನೋಡುವುದು ಖಾತೆಯ ಸಂಖ್ಯೆಯನ್ನು. ಹೆಸರಿನ ಪರಿವೆ ಅದಕ್ಕಿಲ್ಲ. ಹಳೆಯ ಸರ್ವರ್‌ನಲ್ಲಿ ಟಾಮ್‌ಕ್ಯಾಟ್ 1003, ಹೊಸದರಲ್ಲಿ 1003 ಆಗಲೇ ಬ್ಯಾಕಪ್ ಖಾತೆಗೆ ಹೋಗಿದೆ. ಹಾಗೇ ಬಿಟ್ಟಿದ್ದರೆ ಟಾಮ್‌ಕ್ಯಾಟ್‌ನ ಕಡತಗಳೆಲ್ಲ ಬ್ಯಾಕಪ್‌ನ ಪಾಲಾಗುತ್ತಿದ್ದವು. ಟಾಮ್‌ಕ್ಯಾಟ್‌ಗೆ 5201, ಎಂಕ್ಯೂಎಂಗೆ 5202 ಎಂದು ಎಲ್ಲ ಸರ್ವರ್‌ಗಳಿಗೂ ಒಂದೇ ಆಗುವಂತೆ ನಿಗದಿಪಡಿಸಿ ರಜಿಸ್ಟರ್‌ನಲ್ಲಿ ಬರೆದೆವು. ಎಂಕ್ಯೂ ಸ್ಥಾಪಿಸುವ ಮೊದಲೇ ಎಂಕ್ಯೂಎಂ ಖಾತೆಯನ್ನು ಈ ಸಂಖ್ಯೆಯಲ್ಲಿ ಸೃಷ್ಟಿಸಿಡಬೇಕು, ಇಲ್ಲವಾದರೆ ಇನ್‌ಸ್ಟಾಲರ್ ತನಗೆ ಸಿಕ್ಕ ಸಂಖ್ಯೆ ಹಾಕಿಕೊಳ್ಳುತ್ತದೆ.

ನಾಳೆ ನಸುಕಿನಲ್ಲಿ ಕಡತಗಳ ಸಾಗಣೆ. ಸಾಗಿಸಿದ ಮೇಲೆ ಒಡೆಯರಿಲ್ಲದ ಕಡತಗಳನ್ನು ಫೈಂಡ್ ಆಜ್ಞೆಯಿಂದ ಹುಡುಕುವ ಕೆಲಸವನ್ನು ಹುಡುಗ ತಾನೇ ಕೇಳಿ ತೆಗೆದುಕೊಂಡಿದ್ದಾನೆ. ಐದು ಗಂಟೆಯ ಮೊದಲ ಬಸ್ಸಿಗೆ ಹೊರಡಬೇಕು.