ಅಪ್ಪಂದಿರ ಕೈಗೆ ಹತ್ತಿದ ಹುಣಸೆ ಅಂಟು

ನಮ್ಮ ಕೊಪ್ಪಳದ ಕಡೆ ಮನೆತನದ ನೆನಪನ್ನು ಕಾಪಿಡುವ ಕೆಲಸ ಮೊದಲಿನಿಂದಲೂ ಹೆಂಗಸರ ಪಾಲಿಗೇ ಬಂದಿದೆ. ಅಜ್ಜಿಯ ಇಳಕಲ್ ಸೀರೆ, ಕೂಸಿನ ಕುಲಾವಿ, ಹರಿದ ಕುಪ್ಪಸ ಎಲ್ಲವೂ ಕೌದಿಯೊಳಗೆ ಸೇರಿಕೊಳ್ಳುತ್ತವೆ. ಗಂಡಸರು ಟ್ರಂಕಿನಲ್ಲಿ ಜೋಪಾನ ಮಾಡುವುದು ಪಹಣಿಯನ್ನು ಮತ್ತು ಸಾಲದ ರಸೀದಿಗಳನ್ನು ಮಾತ್ರ. ಆದ್ದರಿಂದ ನಮ್ಮ ಓಣಿಯ ಕೆಲವರು ಸೇರಿ, ಅಪ್ಪಂದಿರೇ ತಮ್ಮ ಮನೆಯ ಒಂದು ನೆನಪನ್ನು ಕೈಯಾರೆ ಮಾಡಿ ಮಕ್ಕಳಿಗೆ ಕೊಡಬೇಕೆಂದು ಯೋಚಿಸಿದಾಗ, ಯಾರೂ ಬರಲಾರರು ಎಂದೇ ನಾನು ತಿಳಿದಿದ್ದೆ. ಬಂದರು, ಆದರೆ ಮೊದಲ ದಿನ ಎಲ್ಲರೂ ಗೋಡೆಗೆ ಒರಗಿ ಮಳೆ ಬೆಳೆಯ ಮಾತನ್ನೇ ಆಡಿದರು.

ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಚಿತ್ರಗಾರ ಮನೆತನದ ಹಿರಿಯರೊಬ್ಬರು ಕಲಿಸಲು ಒಪ್ಪಿದ್ದು ನಮ್ಮ ಪುಣ್ಯ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಕಿನ್ನಾಳ ಕಲೆಯ ಬಣ್ಣವನ್ನು ಎಲ್ಲರೂ ಹೊಗಳುತ್ತಾರೆ. ಬಣ್ಣದ ಕೆಳಗೆ ಏನಿದೆ ಎಂದು ಕೇಳುವವರು ಕಡಿಮೆ. ಹಗುರವಾದ ಮರದಲ್ಲಿ ಬಿಡಿ ಭಾಗಗಳನ್ನು ಕೆತ್ತಿ, ಸೆಣಬಿನ ಚಿಂದಿಯನ್ನು ನೆನೆಸಿ ಒಣಗಿಸಿ ಪುಡಿಮಾಡಿ, ಹುಣಸೆ ಬೀಜದ ಅಂಟಿನೊಂದಿಗೆ ಕಲಸಿದ ಕಿಟ್ಟದಿಂದ ಅವುಗಳನ್ನು ಜೋಡಿಸುತ್ತಾರೆ. ಮೈತುಂಬ ಕಿಟ್ಟ ಬಳಿದ ಮೇಲೆ ಅರಿವೆಯ ಸಣ್ಣ ತುಂಡುಗಳನ್ನು ಅದೇ ಅಂಟಿನಿಂದ ಹಚ್ಚಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲಷ್ಟೇ ಬಣ್ಣಕ್ಕೆ ಕೈ ಹಾಕುತ್ತಾರೆ. ಅರಿವೆಯ ಮಾತು ಬಂದಾಗ ಹಿರಿಯರು, ಯಾವ ಹಳೆಯ ಹತ್ತಿ ಬಟ್ಟೆಯಾದರೂ ನಡೆಯುತ್ತದೆ, ಮನೆಯಿಂದಲೇ ತನ್ನಿರಿ ಎಂದರು.

ಮರುದಿನ ಗೋಡೆಗೆ ಒರಗಿದವರು ಯಾರೂ ಇರಲಿಲ್ಲ. ಒಬ್ಬರು ತೀರಿಹೋದ ತಂದೆಯ ರುಮಾಲಿನ ತುದಿಯನ್ನು ತಂದಿದ್ದರು. ಅವರ ಹಿರಿಯರ ಊರು ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿತು. 1945ರಲ್ಲಿ ಆರಂಭವಾದ ಅಣೆಕಟ್ಟೆಗೆ 1953ರಲ್ಲಿ ನೀರು ನಿಂತಾಗ ಸಾಮಾನು ಹೇರಿಕೊಂಡು ಬಂದ ಚಕ್ಕಡಿಯನ್ನು ಅವರು ಕಂಡವರಲ್ಲ, ತಂದೆಯ ಬಾಯಿಂದ ಕೇಳಿದವರು. ಆ ಚಕ್ಕಡಿಯನ್ನೇ ಮಾಡಿದರು. ರುಮಾಲಿನ ಚೂರುಗಳು ಲೇಪದ ಕೆಳಗೆ ಮರೆಯಾದವು. ನೋಡಿದವರಿಗೆ ಅದು ಬರಿಯ ಆಟಿಗೆ. ಒಳಗೇನಿದೆ ಎಂಬುದು ಮನೆಯವರಿಗೆ ಗೊತ್ತು. ಈ ಕಸುಬು ಇಂಥ ಕೆಲಸಕ್ಕೆ ಇಷ್ಟು ಒಗ್ಗುವುದಕ್ಕೆ ಇದೇ ಕಾರಣವೆಂದು ನನಗನ್ನಿಸುತ್ತದೆ: ನೆನಪನ್ನು ಮೆರೆಸದೆ, ಮೈಯೊಳಗೆ ಇಟ್ಟುಕೊಳ್ಳುತ್ತದೆ.

ಇನ್ನೊಬ್ಬರು ಸಂಡೂರಿನ ಅದಿರು ಸಾಗಿಸುವ ಲಾರಿಯ ಚಾಲಕರಾಗಿದ್ದವರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯುವವರೆಗೆ ಅವರು ಮನೆಯಲ್ಲಿ ಮಲಗಿದ ರಾತ್ರಿಗಳೇ ಕಡಿಮೆ. ಮಗಳ ಬಾಲ್ಯದ ಯಾವ ಫೋಟೊದಲ್ಲಿಯೂ ಅವರಿಲ್ಲ. ಅವರು ಗೇಣುದ್ದದ ಲಾರಿ ಮಾಡಿ, ಎಷ್ಟು ತೊಳೆದರೂ ಕೆಂಪು ಬಿಡದ ತಮ್ಮ ಹಳೆಯ ಬನಿಯನ್ನಿನ ತುಂಡನ್ನು ಅದಕ್ಕೆ ಹಚ್ಚಿದರು. ಒಂದು ಚಕ್ರ ಸೊಟ್ಟಗಾಯಿತು. ಚಿತ್ರಗಾರರು ಸರಿಪಡಿಸಲು ಕೈ ಚಾಚಿದಾಗ, ಬೇಡ, ಹಾಗೇ ಇರಲಿ ಎಂದರು. ಮಗಳು ಈಗ ಕಾಲೇಜಿನಲ್ಲಿದ್ದಾಳೆ.

ನಾನು ಮಾಡಿದ್ದು ಅಪ್ಪನ ಕೂರಿಗೆ. ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವಾಗ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಿದ್ದ ಅವ್ವನ ಮುಷ್ಟಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ, ಆದರೆ ನೆಲ ಸೀಳುವ ಅದರ ತಾಳುಗಳು ಮೂರೋ ನಾಲ್ಕೋ ಎಂಬುದರಲ್ಲಿ ನನಗೂ ಅಕ್ಕನಿಗೂ ಇನ್ನೂ ಹೊಂದಿಕೆಯಾಗಿಲ್ಲ. ನಾನು ಮೂರೇ ಕೂಡಿಸಿದ್ದೇನೆ.

ಇವೆಲ್ಲವನ್ನೂ ಪ್ರದರ್ಶನಕ್ಕಿಡಬೇಕೆಂದು ಕೆಲವರು ಹೇಳಿದರು. ನನಗದು ಹಿಡಿಸಲಿಲ್ಲ. ಬಹುಮಾನದ ಮಾತು ಬಂದರೆ ಸೊಟ್ಟ ಚಕ್ರ ಸೋಲುತ್ತದೆ, ಮುಂದಿನ ಸಲ ಎಲ್ಲರೂ ಚಿತ್ರಗಾರರಿಂದಲೇ ಮಾಡಿಸಿಕೊಂಡು ಬರುತ್ತಾರೆ. ಚಿತ್ರಗಾರರ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಕಲೆ ಉಳಿಯಬೇಕೆಂದು ಭಾಷಣ ಮಾಡುವ ನಾವು ಕಲಿಸುವವರಿಗೆ ಶಾಲು ಹೊದಿಸಿ ಕಳಿಸಿಬಿಡುತ್ತೇವೆ, ಅವರ ಅಂದಿನ ದುಡಿಮೆ ತಪ್ಪಿದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸುಗ್ಗಿ ಮುಗಿದ ಮೇಲೆ ಮತ್ತೆ ಸೇರುವುದೆಂದು ಮಾತಾಗಿದೆ. ಆಗ ಪ್ರತಿ ಮನೆಯಿಂದಲೂ ಚಿತ್ರಗಾರರ ಕೂಲಿಯ ಪಾಲನ್ನು ಮೊದಲೇ ಕೂಡಿಸಿಡಬೇಕೆಂಬ ನನ್ನ ಮಾತಿಗೆ ಲಾರಿಯವರೇ ಎಲ್ಲರಿಗಿಂತ ಮೊದಲು ಹೂಂ ಎಂದರು.