ಕೋರ್ಟಿಗೇ ಹೋಗದ ನೀನು ಎಂಥ ಲಾಯರ್?

ಇನ್ನು ಮುಂದೆ ಈ ಪ್ರಶ್ನೆಗೆ ಬಾಯಿಬಿಟ್ಟು ಉತ್ತರಿಸುವುದಿಲ್ಲ. ಕೇಳಿದವರು ಇದನ್ನೇ ಓದಿಕೊಳ್ಳಲಿ.

ಕಂಪನಿಗಳನ್ನು ಕೊಳ್ಳುವ, ಮಾರುವ, ವಿಲೀನಗೊಳಿಸುವ ವ್ಯವಹಾರಗಳಿಗೂ ಅವುಗಳ ಸಾಲಗಳಿಗೂ ಕರಾರುಪತ್ರ ಬರೆಯುವುದು ನನ್ನ ಕೆಲಸ. ವಾದ ಮಾಡುವುದಿಲ್ಲ, ನಿಜ. ಆದರೆ ಕಾನೂನು ಅಭಿಪ್ರಾಯ ನೀಡುವುದು, ದಸ್ತಾವೇಜು ಬರೆಯುವುದು ಕೂಡ ವಕೀಲಿಯೇ ಎಂದು 2018ರಲ್ಲಿ ವಿದೇಶಿ ವಕೀಲ ಸಂಸ್ಥೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಚರ್ಚೆ ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಶಿವಮೊಗ್ಗದ ಮದುವೆಯೊಂದರ ಊಟದ ಪಂಕ್ತಿಯಲ್ಲಿ ದೊಡ್ಡಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಇವಳು ಲಾಯರಂತೆ, ಜಡ್ಜ್ ಮುಖವನ್ನೇ ನೋಡಿಲ್ಲವಂತೆ! ದೊಡ್ಡವರ ದುಡ್ಡನ್ನು ಅವರಿಂದ ಇವರಿಗೆ ದಾಟಿಸುತ್ತಾಳೆ" ಎಂದರು. ಇಡೀ ಸಾಲು ನಕ್ಕಿತು. ನನಗೆ ಸಿಟ್ಟು ಬಂತು. ದೊಡ್ಡಪ್ಪ ಸಿಂಡಿಕೇಟ್ ಬ್ಯಾಂಕಿನಿಂದ ನಿವೃತ್ತರಾದವರು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ ಸಾವಿರ ಷೇರಿಗೆ 158 ಷೇರು ಬರುವ ಲೆಕ್ಕವೇನು, ಪಿಂಚಣಿಗೆ ಹೊಣೆ ಯಾರು ಎಂದು ರಾತ್ರಿ ಹತ್ತಕ್ಕೆ ಫೋನ್ ಮಾಡಿ ಕೇಳಿದ್ದು ನನ್ನನ್ನೇ. ಅವರ ಪಿಂಚಣಿಯನ್ನು ಉಳಿಸಿದ್ದು ಯಾರ ವಾದವೂ ಅಲ್ಲ. ವಿಲೀನದ ಯೋಜನೆಯಲ್ಲಿ ಯಾರೋ ಎಚ್ಚರದಿಂದ ಬರೆದ ಸಾಲುಗಳು.

ಕೇಳಲೇಬೇಕೆಂದಿದ್ದರೆ ಇದನ್ನು ಕೇಳಿ: ಸಹಿ ಬಿದ್ದ ಮರುದಿನ ಅಲ್ಲಿ ದುಡಿಯುವವರ ಗತಿ ಏನು?

ಷೇರುಗಳನ್ನಷ್ಟೇ ಮಾರಿದರೆ ಕಂಪನಿ ಅದೇ ಇರುತ್ತದೆ, ನೌಕರಿಯೂ ಹಾಗೆಯೇ ಮುಂದುವರಿಯುತ್ತದೆ. ಕಾರ್ಖಾನೆಯನ್ನೇ ಮಾರಿದರೆ ಮಾಲೀಕರೇ ಬದಲಾಗುತ್ತಾರೆ. ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆ ಹಾಗೆ ಮಾರಾಟವಾದಾಗ ನಾನು ಮಾರುವವರ ಪರ ಇದ್ದೆ. ಕೊಳ್ಳುವವರ ಕರಡಿನಲ್ಲಿ ಕಾರ್ಮಿಕರನ್ನು "ಹೊಸದಾಗಿ ನೇಮಿಸಿಕೊಳ್ಳಲಾಗುವುದು" ಎಂದಿತ್ತು. ಓದಲು ಸೌಜನ್ಯದ ಮಾತು. ಆದರೆ ಅದರಿಂದ ಹಿಂದಿನ ಸೇವೆಯೆಲ್ಲ ಹೊಸ ಮಾಲೀಕರ ಲೆಕ್ಕಕ್ಕೆ ಬರದೆ ಹೋಗುತ್ತಿತ್ತು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್‌ಎಫ್ ಕಲಮನ್ನು ಮುಂದಿಟ್ಟೆ. ಸೇವೆ ಮುರಿಯಬಾರದು, ಷರತ್ತುಗಳು ಮೊದಲಿಗಿಂತ ಕಡಿಮೆಯಾಗಬಾರದು. ಇಲ್ಲವಾದರೆ ಕಾರ್ಮಿಕರಿಗೆ ಪರಿಹಾರ ಕೊಡಬೇಕು. ಆ ಹೊರೆ ಬೆಲೆಗೆ ಸೇರುತ್ತದೆ ಎಂದಾಗ ವಾಕ್ಯ ಬದಲಾಯಿತು.

ಅದಕ್ಕಿಂತ ಮುಖ್ಯವಾದದ್ದು ಅನುಬಂಧದ ಪಟ್ಟಿ: ಹೆಸರು, ಹುದ್ದೆ, ಸೇರಿದ ದಿನ. ಪಿಎಫ್ ದಾಖಲೆಯೊಂದಿಗೆ ಸಾಲು ಸಾಲಾಗಿ ತಾಳೆ ನೋಡಿದೆ. ಲೇತ್ ಯಂತ್ರದ ಕೆಲಸಗಾರರೊಬ್ಬರು 1996ರಲ್ಲಿ ಸೇರಿದವರು. ಪಟ್ಟಿಯಲ್ಲಿ 2006 ಎಂದಿತ್ತು. ಗ್ರಾಚ್ಯುಟಿಗೆ ವರ್ಷಕ್ಕೆ ಹದಿನೈದು ದಿನದ ಕೂಲಿ. ಹತ್ತು ವರ್ಷಕ್ಕೆ ನೂರೈವತ್ತು ದಿನದ ಕೂಲಿ, ಒಂದು ಅಂಕಿಯಲ್ಲಿ ಹೋಗಿಬಿಡುತ್ತಿತ್ತು. ಆ ಅಂಕಿಯನ್ನು ತಿದ್ದಿಸಿ, ಎರಡೂ ಕಡೆಯವರಿಂದ ಪಕ್ಕದಲ್ಲಿ ಸಹಿ ಹಾಕಿಸಿದೆ. ವ್ಯವಹಾರದ ಮೊತ್ತ ಎಷ್ಟು ಕೋಟಿ ಎಂದು ಕೇಳುವವರಿಗೆ ನಾನು ಹೇಳಬಯಸುವುದು ಈ ತಿದ್ದುಪಡಿಯನ್ನು.

ಕ್ಯಾಂಟೀನಿನವರು, ಕಾವಲುಗಾರರು, ಲೋಡಿಂಗ್ ಹುಡುಗರು ಆ ಪಟ್ಟಿಯಲ್ಲಿರಲಿಲ್ಲ. ಕಾಗದದ ಮೇಲೆ ಅವರು ಗುತ್ತಿಗೆದಾರನ ಆಳುಗಳು. ಅವರ ಗತಿ ಏನಾಯಿತೆಂದು ಯಾರಾದರೂ ಕೇಳಿದರೆ ಸಮಾಧಾನದ ಉತ್ತರ ನನ್ನಲ್ಲಿಲ್ಲ. ಆದರೂ ಅದನ್ನೇ ಕೇಳಿ.