ಯುಗಾದಿ ಹೊತ್ತಿಗೆ ದುರ್ಗಕ್ಕೆ ಹೊರಟಿದ್ದೀರಾ? ಸಾಕ್ಸ್ ಮರೀಬೇಡಿ

ಯುಗಾದಿಗೆ ಒಂದು ವಾರ ಇರುವಾಗ ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಹೊರಟೆವು. ನಾನು, ಹೆಂಡತಿ, ಹತ್ತು ವರ್ಷದ ಮಗಳು, ಜೊತೆಗೆ ಅಮ್ಮ. ದಾರಿಯುದ್ದಕ್ಕೂ ಹೊಂಗೆ ಚಿಗುರಿತ್ತು, ಬೇವು ಹೂ ಬಿಟ್ಟಿತ್ತು. ಇನ್ನೂ ಮಾರ್ಚ್ ಅಲ್ವಾ, ಬಿಸಿಲು ಅಷ್ಟೇನೂ ಇರಲ್ಲ ಅಂದುಕೊಂಡಿದ್ದೆ. ಇನ್ನೂರು ಕಿಲೋಮೀಟರ್ ದಾರಿ, ನಡುವೆ ತಿಂಡಿಗೆ ಒಂದು ಗಂಟೆ. ಕೋಟೆ ಬಾಗಿಲಿಗೆ ಬಂದಾಗ ಹನ್ನೊಂದೂವರೆ. ತಪ್ಪಾಗಿದ್ದೇ ಅಲ್ಲಿ.

ದುರ್ಗದ ಕೋಟೆಗೆ ಕಲ್ಲಿನ ಕೋಟೆ ಅಂತ ಸುಮ್ನೆ ಹೆಸರು ಬಂದಿಲ್ಲ. ಕಾಲ ಕೆಳಗೆ ಬಂಡೆ, ಪಕ್ಕದಲ್ಲಿ ಬಂಡೆ, ಮೇಲೂ ಬಂಡೆ. ಬಿಸಿಲು ಮೇಲಿಂದ ಸುಡುವುದಕ್ಕಿಂತ ಕೆಳಗಿಂದ ಸುಡುವುದೇ ಜಾಸ್ತಿ. ಸಿಡಿಮದ್ದು ಬೀಸುವ ಕಲ್ಲುಗಳ ತನಕ ಉತ್ಸಾಹ ಇತ್ತು. ಗುಂಡಿಯೊಳಗೆ ನಾಲ್ಕು ದೈತ್ಯ ಬೀಸುಕಲ್ಲು, ಮದ್ದಿನ ಪುಡಿ ಅರೆಯುತ್ತಿದ್ದ ಜಾಗ. ಮಗಳು ಸುತ್ತ ಓಡಾಡಿ ನೋಡಿದಳು. ಅಲ್ಲಿಂದ ಏಕನಾಥೇಶ್ವರಿ ಗುಡಿ ಮುಟ್ಟುವಷ್ಟರಲ್ಲಿ ಮೂರು ಬಾಟಲಿ ನೀರು ಖಾಲಿ. ಗುಡಿ ಹತ್ತಿರ ಚಪ್ಪಲಿ ಬಿಟ್ಟು ಹೆಜ್ಜೆ ಇಟ್ಟರೆ ಬಂಡೆ ಕಾದ ಕಾವಲಿ. ಅಮ್ಮ ನಾಲ್ಕು ಹೆಜ್ಜೆ ಇಟ್ಟು ವಾಪಸ್ ಬಂದರು. "ದೇವರಿಗೆ ಇಲ್ಲಿಂದಲೇ ಕೈ ಮುಗಿತೀನಿ" ಅಂದರು.

ಅದಕ್ಕೇ ಮೊದಲ ಮಾತು: ಒಬ್ಬೊಬ್ಬರಿಗೂ ಒಂದು ಜೊತೆ ದಪ್ಪ ಹತ್ತಿ ಸಾಕ್ಸ್ ಇಟ್ಟುಕೊಳ್ಳಿ. ಗುಡಿಯ ಸುತ್ತ ಕಾದ ಬಂಡೆ ದಾಟಲಾದರೂ ಆಗುತ್ತೆ. ನೀರು ತಲೆಗೆ ಎರಡು ಲೀಟರ್ ಬೇಕೇ ಬೇಕು. ಹಿಡಿತ ಇರುವ ಶೂ ಹಾಕಿ. ಮೆಟ್ಟಿಲು, ಬಂಡೆ ಎಲ್ಲಾ ಸವೆದು ನುಣ್ಣಗಾಗಿವೆ. ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿಯಬೇಡಿ. ಕವರ್ ಕಂಡರೆ ಕೋತಿಗಳಿಗೆ ಅದು ತಿಂಡಿ ಅಂತಲೇ ಲೆಕ್ಕ. ನಮ್ಮ ಬಾಳೆಹಣ್ಣು ಹೋಯಿತು, ಜೊತೆಗೆ ಅಮ್ಮನ ಮಾತ್ರೆ ಡಬ್ಬಿಯೂ ಹೋಯಿತು.

ಸೋತು ಕೆಳಗಿಳಿದೆವು. ಮಧ್ಯಾಹ್ನ ಊರೊಳಗಿನ ರಂಗಯ್ಯನ ಬಾಗಿಲ ಮ್ಯೂಸಿಯಂನಲ್ಲಿ ನೆರಳು ಸಿಕ್ಕಿತು. ಸಂಜೆ ಚಂದ್ರವಳ್ಳಿ. ನನಗೆ ಕೋಟೆಗಿಂತ ಇದೇ ಹಿಡಿಸಿತು ಅಂದರೆ ದುರ್ಗದವರು ಬೈಯಬಹುದು. ಗುಡ್ಡಗಳ ನಡುವೆ ಕೆರೆ, ಪಕ್ಕದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ. ಇಲ್ಲಿ ಅಗೆದಾಗ ಶಾತವಾಹನರ ನಾಣ್ಯದ ಜೊತೆ ರೋಮನ್ ನಾಣ್ಯಗಳೂ ಸಿಕ್ಕಿವೆ. ಅಂಕಲಿ ಮಠದ ಗುಹೆಯೊಳಗೆ ಮಾತ್ರ ಕಗ್ಗತ್ತಲು. ಮೊಬೈಲ್ ಬೆಳಕು ಸಾಲದು, ಒಳ್ಳೆ ಟಾರ್ಚ್ ಇರಲಿ. ಕೋಣೆಯಿಂದ ಕೋಣೆಗೆ ಬಗ್ಗಿಕೊಂಡೇ ಹೋಗಬೇಕು, ಮಂಡಿನೋವು ಇದ್ದವರು ಕೆರೆ ದಂಡೆಯಲ್ಲೇ ಕೂರುವುದು ವಾಸಿ.

ಮರುದಿನ ಬೆಳಗ್ಗೆ ಆರೂವರೆಗೇ ಕೋಟೆ ಹತ್ತಿದೆವು. ಅದೇ ಕೋಟೆನಾ ಅನ್ನಿಸಿತು. ತಣ್ಣನೆ ಗಾಳಿ, ಬಂಡೆ ಇನ್ನೂ ತಂಪು, ಅಮ್ಮನೇ ಮುಂದೆ. ಗೋಪಾಲಸ್ವಾಮಿ ಹೊಂಡದ ಹತ್ತಿರ ಸ್ವಲ್ಪ ಹೊತ್ತು ಕೂತೆವು. ಅಲ್ಲಿ ತುಂಬಿದ ಮಳೆನೀರು ಕೆಳಗೆ ಅಕ್ಕ-ತಂಗಿ ಹೊಂಡಕ್ಕೆ, ಮುಂದೆ ಊರಿನ ಸಂತೆ ಹೊಂಡದವರೆಗೂ ಇಳಿಯುವ ಹಾಗೆ ಆ ಕಾಲದಲ್ಲೇ ಹೊಂದಿಸಿದ್ದಾರೆ. ಮಳೆ ಕಮ್ಮಿ ಬೀಳುವ ಊರಿನವರ ಲೆಕ್ಕಾಚಾರ.

ಓಬವ್ವನ ಕಿಂಡಿಗೆ ಹೋಗುವಾಗ ಬೆನ್ನಿನ ಬ್ಯಾಗ್ ಮೊದಲೇ ಬಿಚ್ಚಿಬಿಡಿ. ಕಿಂಡಿ ಅಂದರೆ ಬಂಡೆಗಳ ನಡುವಿನ ಸಂದು, ಅಷ್ಟೇ. ಕುಕ್ಕರಗಾಲಲ್ಲಿ ಕೂತು, ಒಂದು ಭುಜ ಮುಂದೆ ಹಾಕಿ ಸರಿಯಬೇಕು. ನಾನು ಬ್ಯಾಗ್ ಸಮೇತ ನುಗ್ಗಿ ಸಿಕ್ಕಿಹಾಕಿಕೊಂಡೆ. ಹಿಂದೆ ಯಾರೋ ನಗುತ್ತಾ ಪಟ್ಟಿ ಬಿಡಿಸಿದರು. ಆಚೆ ಕಡೆ ಮೊದಲು ಬರುವುದು ತಲೆ, ಕೈ ಬರುವುದು ಆಮೇಲೆ. ಹೈದರಾಲಿಯ ಸೈನಿಕರಿಗೆ ಒಂದು ಒನಕೆ ಹೇಗೆ ಸಾಕಾಯಿತು ಅಂತ ಆಗ ಗೊತ್ತಾಯಿತು. ಕೊನೆಗೂ 1779ರಲ್ಲಿ ಕೋಟೆ ಹೈದರನ ಕೈ ಸೇರಿತು, ಅದು ಬೇರೆ ಕಥೆ. ಹತ್ತಿರದಲ್ಲೇ ತಣ್ಣೀರು ದೋಣಿ ಅನ್ನುವ ಚಿಕ್ಕ ನೀರಿನ ತಾಣ ಇದೆ, ನೋಡದೆ ಬರಬೇಡಿ.

ಒಂಬತ್ತೂವರೆಗೆ ಕೆಳಗಿಳಿದು ನೇರ ದಾವಣಗೆರೆ. ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರ್, ಹಸಿವಿನ ಜೊತೆ ಸಲೀಸು. ಬೆಣ್ಣೆ ದೋಸೆ ಬಗ್ಗೆ ನಾನು ಹೊಸದಾಗಿ ಹೇಳುವುದೇನೂ ಇಲ್ಲ. ಆದರೆ ಮೊದಲಿಗೇ ಎರಡು ಹೇಳಬೇಡಿ, ಒಂದು ಮುಗಿಸಿ ಇನ್ನೊಂದು ಹೇಳಿ. ಆರಿದ ದೋಸೆಯಲ್ಲಿ ಬೆಣ್ಣೆ ಇದ್ದೂ ದಂಡ. ಸಮಯ ಇದ್ದರೆ ಪಕ್ಕದ ಹರಿಹರಕ್ಕೆ ಹೋಗಿ. ತುಂಗಭದ್ರೆ ದಂಡೆಯ ಹರಿಹರೇಶ್ವರ ಗುಡಿ 13ನೇ ಶತಮಾನದ್ದು, ಒಂದೇ ಮೂರ್ತಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ನಾವು ಹೋಗಲಿಲ್ಲ, ಮಗಳು ಕಾರಲ್ಲೇ ನಿದ್ದೆ ಹೋಗಿದ್ದಳು.

ಏಪ್ರಿಲ್‌ಗೆ ಹೋಗುವವರು ಒಂದು ಕೊಡೆಯನ್ನೂ ಇಟ್ಟುಕೊಳ್ಳಿ. ಮಧ್ಯಾಹ್ನ ಬಿಸಿಲಿಗೆ, ಸಂಜೆ ಗುಡುಗಿದರೆ ಮಳೆಗೆ.

ವಾಪಸ್ ಬರುವಾಗ ಮಂಡಕ್ಕಿ ಮಿರ್ಚಿ ಕಟ್ಟಿಸುವುದಾದರೆ ಮಿರ್ಚಿ ಬೇರೆ, ಮಂಡಕ್ಕಿ ಬೇರೆ ಕಟ್ಟಲು ಹೇಳಿ. ನಾವು ಎಲ್ಲಾ ಒಂದೇ ಪೊಟ್ಟಣದಲ್ಲಿ ತಂದು ಹಿರಿಯೂರು ದಾಟಿದ ಮೇಲೆ ಬಿಚ್ಚಿದರೆ ಮಂಡಕ್ಕಿ ಪೂರಾ ಮೆತ್ತಗಾಗಿತ್ತು.